ಆರು ಹಾಸಿನ ಬೇಲಿ

ಮೊನ್ನೆ ನಮ್ಮ ಮೊಮ್ಮಗಳು ಅಟ್ಟದಿಂದ ಒಂದು ಕುಂಚ ಇಳಿಸಿಕೊಂಡು ಬಂದು ಸೂರಿನ ಜೇಡರ ಬಲೆ ಕೆಡವಲು ನಿಂತಳು. ಮೊಳದುದ್ದದ ಮರದ ಹಿಡಿ, ಅದರಡಿಯಲ್ಲಿ ಕುದುರೆಯ ಜೂಲಿನಂತೆ ದಟ್ಟವಾಗಿ ಕಟ್ಟಿದ ಬೇರಿನ ನಾರು. ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ನಾನು ಬಾಯಲ್ಲಿದ್ದದ್ದನ್ನು ಉಗಿಯುವುದನ್ನೂ ಮರೆತು ಕೂಗಿಕೊಂಡೆ.

"ಅಯ್ಯಯ್ಯೋ, ಕೆಳಗಿಡು ತಾಯಿ! ಅದು ಕಸಬರಿಕೆ ಅಲ್ಲ."

"ಪಿನ್ನ ಎನ್ನ ತಾತಾ?" ಅಂದಳು, ಮತ್ತಿನ್ನೇನು ಎಂದು. ಮನೆಯೊಳಗೆ ಕನ್ನಡ ಮಾತಾಡು ಎಂದು ಅವಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹಾಗೆ ಹೇಳುವಾಗ ನಾನೂ ಅರ್ಧ ತಮಿಳಿನಲ್ಲೇ ಹೇಳಿರುತ್ತೇನೆ.

ಅದು ಹಾಸು ಉಜ್ಜುವ ಕುಂಚ ಎಂದು ಶುರುಮಾಡಿ ಅರ್ಧ ಗಂಟೆ ಹೇಳಿದೆ. ಅವಳು ಅರ್ಧ ನಿಮಿಷ ಕೇಳಿದಳು. ಮಿಕ್ಕದ್ದು ಈಗ ನಿಮ್ಮ ಪಾಲಿಗೆ ಬಂದಿದೆ, ಸಹಿಸಿಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಸೇಲಂ ಪಟ್ಟಣದ ಒಂದು ನೇಕಾರರ ಬೀದಿಯಲ್ಲಿ. ಆ ತುದಿಗೆ ಚೌಡಮ್ಮನ ಗುಡಿ, ಈ ತುದಿಗೆ ಒಂದು ಬೇವಿನ ಮರ, ನಡುವೆ ಎದುರುಬದುರು ಆರು ಮನೆಗಳು, ಮನೆಗೊಂದು ಗುಂಡಿಮಗ್ಗ. ಶಾಲೆ ತಮಿಳಿನದು. ಕನ್ನಡ ಕಲಿಸಿದವಳು ನಮ್ಮಜ್ಜಿ ಸಾಕಮ್ಮ. ಅವಳ ಕನ್ನಡದಲ್ಲಿ ಬೈಗುಳ ಜಾಸ್ತಿ, ವ್ಯಾಕರಣ ಕಮ್ಮಿ. ಕನ್ನಡದ ಅಕ್ಷರ ನನ್ನ ಕೈಗೆ ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ, ಬೆಂಗಳೂರಿನಿಂದ ಬರುವ ಬಣ್ಣದ ಪೊಟ್ಟಣಗಳಿಗೆ ಸುತ್ತಿದ್ದ ಹಳೇ ಪೇಪರುಗಳನ್ನು ಬಿಡಿಸಿ ಬಿಡಿಸಿ ಓದಿ. ಆದ್ದರಿಂದ ಇಲ್ಲಿ ಯಾವುದಾದರೂ ವಾಕ್ಯ ಗಂಭೀರವಾಗಿ ಕಂಡರೆ ಅದು ಪೊಟ್ಟಣದ್ದು, ಸಲೀಸಾಗಿ ಕಂಡರೆ ಅಜ್ಜಿಯದು ಎಂದು ತಿಳಿದುಕೊಳ್ಳಿ.

ನಾನು ಹೇಳುತ್ತಿರುವುದು ಮೂವತ್ತರ ದಶಕದ ಮಾತು. ನನಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ನಮ್ಮ ಬೀದಿಗೆ ಬರುತ್ತಿದ್ದದ್ದು ಒಂದೇ ತಮಿಳು ಪತ್ರಿಕೆ. ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವ ಕೆಲಸ ನನ್ನದು. ಅಕ್ಕಪಕ್ಕದ ಮಗ್ಗಗಳು ಲಟಕ್ ಪಟಕ್ ಎನ್ನುತ್ತಲೇ ಕೇಳಿಸಿಕೊಳ್ಳುತ್ತಿದ್ದವು. ಸದ್ದು ನಿಂತರೆ ಸುದ್ದಿ ದೊಡ್ಡದು ಎಂದು ನನಗೆ ಗೊತ್ತಾಗುತ್ತಿತ್ತು. ಆಗ ದನಿ ಇನ್ನಷ್ಟು ಏರಿಸುತ್ತಿದ್ದೆ. ಅಜ್ಜಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಾ ಒಂದೊಂದು ಸುದ್ದಿಯನ್ನೂ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು. ಲಂಡನ್ನಿನಲ್ಲಿ ದೊಡ್ಡವರೆಲ್ಲ ದುಂಡು ಮೇಜಿನ ಸುತ್ತ ಕೂತು ಮಾತಾಡುತ್ತಿದ್ದಾರೆ ಎಂದು ಓದಿದ ದಿನ ರಾಟೆ ನಿಲ್ಲಿಸಿ ಕೇಳಿದಳು:

"ದುಂಡು ಮೇಜಾ? ಅಂಗಾರೆ ಮೇಲಿನ ಪಂಕ್ತಿ ಯಾವ್ದು, ಕೆಳಗಿನ ಪಂಕ್ತಿ ಯಾವ್ದು?"

"ಅದೆಲ್ಲ ಇಲ್ಲ ಅಜ್ಜಿ. ಎಲ್ಲಾರೂ ಒಂದೇ."

"ಒಂದೇ ಅಂತ ಮೇಜು ಹೇಳ್ತೈತೆ. ಕೂತೋರು ಏನ್ ಹೇಳ್ತಾರೆ, ಅದ ಓದು."

ಆ ದಿನಗಳಲ್ಲಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಗುಡಿ, ಬಾವಿ, ಬೀದಿಗಳ ಸುದ್ದಿ. ಒಂದೂರಿನಲ್ಲಿ ಚೇರಿಯ, ಅಂದರೆ ಊರಾಚೆಯ ಹೊಲಗೇರಿಯ, ಜನರನ್ನು ಬಾವಿಗೆ ಬಿಟ್ಟರು, ಇನ್ನೊಂದೂರಿನಲ್ಲಿ ಗುಡಿಯ ಬೀದಿಯಲ್ಲೇ ಬಿಡಲಿಲ್ಲ, ಮತ್ತೊಂದೂರಿನಲ್ಲಿ ಮೆರವಣಿಗೆ, ಭಜನೆ, ಪೊಲೀಸು. ಓದುವಾಗ ನನಗೆ ಮೈ ನವಿರೇಳುತ್ತಿತ್ತು. ಒಂದು ಖಾದಿ ಟೋಪಿಯನ್ನೂ ಕೊಂಡಿದ್ದೆ. ಗಿರಣಿ ನೂಲಿನ ಸೀರೆ ನೇಯುತ್ತಾ ತಲೆಯ ಮೇಲೆ ಖಾದಿ ಟೋಪಿ ಇಟ್ಟುಕೊಂಡು ಕೂರುವುದರಲ್ಲಿ ಏನೋ ಎಡವಟ್ಟಿದೆ ಎಂದು ಆಗ ಹೊಳೆದಿರಲಿಲ್ಲ. ನಮ್ಮದೇ ಬೀದಿಗೆ ಚೇರಿಯವರು ಕಾಲಿಡುವಂತಿಲ್ಲ ಎಂಬುದೂ ಆ ಪತ್ರಿಕೆಯ ಸುದ್ದಿಯ ಪೈಕಿ ಎಂದು ಹೊಳೆದಿರಲಿಲ್ಲ. ಬೀದಿಯ ತುದಿಯಲ್ಲಿ ಬೇವಿನ ಮರ ಇದ್ದಹಾಗೆ ಅದೂ ಒಂದು ಇತ್ತು, ಅಷ್ಟೆ.

ಆ ಬೇವಿನ ಮರದ ತನಕ ಬರುತ್ತಿದ್ದವಳು ಮುನಿಯಮ್ಮ. ಚೇರಿಯವಳು. ಗಂಜಿ ಕಾಯಿಸಲು ಬೇಕಾದ ಸೌದೆ, ಬೆರಣಿ ಎಲ್ಲ ಇಡೀ ಬೀದಿಗೆ ಅವಳೇ ತರುತ್ತಿದ್ದಳು. ಮರದ ಬುಡದಲ್ಲಿ ಹೊರೆ ಇಳಿಸಿ ದೂರ ನಿಂತರೆ ಮನೆಮನೆಯವರು ಬಂದು ಎತ್ತಿಕೊಂಡು ಹೋಗಬೇಕು. ಅವಳ ತವರು ಮೈಸೂರು ಗಡಿಯತ್ತ, ಮಾರಂಡಹಳ್ಳಿ ಕಡೆ. ನಮ್ಮದು ತಮಿಳಿನಲ್ಲಿ ನೆನೆದು ಮೆತ್ತಗಾದ ಕನ್ನಡ. ಅವಳದು ರಾಗಿಮುದ್ದೆಯ ಹಾಗೆ ಗಟ್ಟಿ. ಆ ಕನ್ನಡ ಕೇಳುವ ಚಪಲಕ್ಕೇ ಅಜ್ಜಿ ತಾನೇ ಸೌದೆ ತರಲು ಹೋಗುತ್ತಿದ್ದಳು. ಇಬ್ಬರೂ ನಾಲ್ಕು ಮಾರು ದೂರ ನಿಂತು, ಕಿವುಡರ ಹಾಗೆ ಕೂಗಾಡುತ್ತಾ, ಸೊಸೆಯರ ದೂರು ಹೇಳಿಕೊಳ್ಳುತ್ತಿದ್ದರು. ಗುಟ್ಟಿನ ಮಾತು ಇಡೀ ಬೀದಿಗೆ ಕೇಳಿಸುತ್ತಿತ್ತು. ನಮ್ಮಮ್ಮನ ಮೇಲೆ ಅಜ್ಜಿಗೆ ಏನು ಸಿಟ್ಟು ಎಂದು ನಮ್ಮಮ್ಮನಿಗೆ ತಿಳಿಯುತ್ತಿದ್ದದ್ದೇ ಹಾಗೆ.

ಈಗ ಹಾಸಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೀರೆಯ ಉದ್ದಕ್ಕೆ ಹೋಗುವ ಸಾವಿರಾರು ಎಳೆಗಳಿಗೆ ಒಟ್ಟಾಗಿ ಹಾಸು ಎಂದು ಹೆಸರು. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು. ಬೆಳಗಿನ ಜಾವ, ಬಿಸಿಲು ಏರುವ ಮೊದಲು, ಹಾಸನ್ನು ಬೀದಿಯ ಉದ್ದಕ್ಕೂ ಬಿಚ್ಚಿ, ಎರಡೂ ತುದಿಗೆ ಗೂಟ ಹೊಡೆದು ಬಿಗಿದು, ಗಂಜಿ ಸವರಿ, ಎರಡೂ ಕಡೆಯಿಂದ ಕುಂಚದಲ್ಲಿ ಉಜ್ಜುತ್ತಾ ಹೋಗಬೇಕು. ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಉಜ್ಜುವ ಕೈ ನಿಂತಿತೋ, ಎಳೆಗೆ ಎಳೆ ಅಂಟಿ ಹಾಸು ಹಪ್ಪಳವಾಗುತ್ತದೆ. ಬಿಡಿಸಲು ಹೋದರೆ ಪಟಪಟ ಹರಿಯುತ್ತದೆ. ಒಂದು ಮನೆಯ ಕೈ ಇದಕ್ಕೆ ಸಾಲದು. ಆದ್ದರಿಂದ ಇವತ್ತು ನಿಮ್ಮ ಮನೆಯ ಹಾಸಾದರೆ ನಾವೆಲ್ಲ ಬಂದು ಕುಂಚ ಹಿಡಿಯುತ್ತೇವೆ, ನಾಳೆ ನಮ್ಮದಾದರೆ ನೀವು. ಇದು ನಮ್ಮ ಬೀದಿಯ ಧರ್ಮ. ಇನ್ನೊಂದು ಧರ್ಮ, ಬೀದಿಯಲ್ಲಿ ಬಿಚ್ಚಿದ ಹಾಸನ್ನು ಯಾರೂ ದಾಟಬಾರದು. ಮದುವೆಯ ದಿಬ್ಬಣ ಸುತ್ತುಬಳಸಿ ಹೋಗಿದೆ. ಹೆಣ ಹೊತ್ತವರು ಮರದ ಕೆಳಗೆ ಕಾದಿದ್ದಾರೆ. ಯಾವನೋ ದೊರೆಯ ಮೋಟಾರು ಬೀದಿಯ ಬಾಯಿಗೆ ಬಂದು, ಭೋಂ ಭೋಂ ಎಂದು ಸಾಕಾಗಿ, ಹಿಂದಕ್ಕೆ ಹೋಗಿದ್ದನ್ನು ನಮ್ಮ ಹಿರಿಯರು ಮೀಸೆ ತಿರುವುತ್ತಾ ಹೇಳುತ್ತಿದ್ದರು.

ಆ ವರ್ಷ ಗುಡಿಯ ಅಮ್ಮನ ಹಬ್ಬಕ್ಕೆ ಅವಳಿಗೆ ಉಡಿಸುವ ಸೀರೆ ನೇಯುವ ಸರದಿ ನಮ್ಮ ಮನೆಗೆ ಬಂದಿತ್ತು. ವರ್ಷಕ್ಕೊಂದು ಮನೆಯಂತೆ ಸರದಿ ಸುತ್ತುತ್ತದೆ. ಮಗ್ಗದಲ್ಲಿ ಗಂಡಾಳು ಕೂರದ ಮನೆಯನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ನಮ್ಮಪ್ಪ ತೀರಿಕೊಂಡಾಗ ನಾನು ಲಂಗೋಟಿ ಕಟ್ಟುತ್ತಿದ್ದವನು. ಅಜ್ಜಿಯೂ ನಮ್ಮಮ್ಮನೂ ಸೇರಿ ಮಗ್ಗ ನಡೆಸಿದರು, ನನ್ನನ್ನು ಸಾಕಿದರು, ಆದರೂ ಅದು ಗಂಡಾಳಿಲ್ಲದ ಮನೆ. ಒಂದು ಸಲ ಸರದಿ ನಮ್ಮ ಹೊಸ್ತಿಲನ್ನು ಹಾರಿ ಪಕ್ಕದ ಮನೆಗೆ ಹೋದ ದಿನ ಅಜ್ಜಿ ಒಲೆ ಹಚ್ಚಿರಲಿಲ್ಲವಂತೆ. ಈಗ ನಾನು ಮಗ್ಗದಲ್ಲಿ ಕೂತಿದ್ದೆ. ಅಜ್ಜಿ ಒಳ್ಳೆಯ ನೂಲು ಆರಿಸಿ, ಕೆಂಪಂಚಿಗೆ ತಾನೇ ಬಣ್ಣ ಕಟ್ಟಿ, ಹಾಸು ಕಟ್ಟಿಸಿದ್ದಳು. ಹಬ್ಬಕ್ಕೆ ದಿನ ಹತ್ತಿರವಿತ್ತು. ಈ ಹಾಸು ಕೆಟ್ಟರೆ ಇನ್ನೊಂದು ಕಟ್ಟಿ ನೇಯುವಷ್ಟು ಸಮಯವಿಲ್ಲ. ಸರದಿ ಮುಂದಿನ ಮನೆಗೆ. ಮತ್ತೆ ಸುತ್ತಿ ಬರುವ ಹೊತ್ತಿಗೆ ಅಜ್ಜಿ ಇರುತ್ತಾಳೋ ಇಲ್ಲವೋ.

ಇಂಥ ಹೊತ್ತಿನಲ್ಲಿ ಮೆರವಣಿಗೆಯ ಸುದ್ದಿ ಬಂತು. ಈ ಸಲ ಪತ್ರಿಕೆಯಲ್ಲಿ ಬರಲಿಲ್ಲ, ನಮ್ಮ ಬೀದಿಗೇ ಬಂತು. ಪಟ್ಟಣದ ಒಬ್ಬ ವಕೀಲರು ಚೇರಿಯ ಜನರನ್ನು ಕೂಡಿಕೊಂಡು, ಬೆಳಿಗ್ಗೆ ಹತ್ತು ಗಂಟೆಗೆ, ಭಜನೆ ಮಾಡುತ್ತಾ ನಮ್ಮ ಬೀದಿಯಲ್ಲಿ ನಡೆದು, ಗುಡಿಯ ಮುಂದೆ ಹಾಡಿ, ಆಚೆ ಮೈದಾನದ ಮೀಟಿಂಗಿಗೆ ಹೋಗುತ್ತಾರಂತೆ. ಬೀದಿಯ ಯಜಮಾನ ಗುರಪ್ಪನವರು ಎಲ್ಲರನ್ನೂ ಗುಡಿಯ ಕಟ್ಟೆಗೆ ಕರೆಸಿದರು. ಗುರಪ್ಪನವರು ನಮ್ಮ ತಾತನಿಗೆ ತಮ್ಮನ ವರಸೆ, ಅಜ್ಜಿಗೆ ಮೈದುನ. ಸಿಟ್ಟು ಬಂದರೆ ಅವರ ಬಾಯಲ್ಲಿ ತಮಿಳು ಬರುತ್ತಿತ್ತು.

"ತಡುದ್ರೆ ಪೊಲೀಸು ಬತ್ತಾರೆ ಯಜಮಾನ್ರೇ," ಅಂದರು ಯಾರೋ.

"ಯಾರ್ಲಾ ತಡೆಯೋರು? ನಾವು ನಮ್ಮ ಕೆಲ್ಸ ಮಾಡ್ತೀವಿ. ಅವತ್ತು ಎಲ್ಲಾ ಮನೆಯೋರೂ ಹಾಸು ಬಿಚ್ರಿ. ಮುಂದೆ ಮೂರು, ಹಿಂದೆ ಮೂರು, ಈ ಜಗಲಿಯಿಂದ ಆ ಜಗಲಿ ಗಂಟ. ಅವರು ಬರೋ ಸದ್ದು ಕೇಳ್ತಿದ್ದಂಗೆ ಗಂಜಿ ಉಯ್ಯಿ. ಒಣ ಹಾಸಾದ್ರೆ ಪೊಲೀಸು ಸುತ್ತಿ ಎತ್ತಿಸ್ಬೋದು. ಗಂಜಿ ಹಾಸನ್ನ ದೇವ್ರೂ ಎತ್ತಕ್ಕಾಗಲ್ಲ. ಅಪ್ಪುರಂ ಪಾಪ್ಪೋಂ, ಯಾರುಡಾ ತಾಂಡುವಾನ್!" ಆಮೇಲೆ ನೋಡೋಣ, ದಾಟುವ ಗಂಡು ಯಾರು ಎಂದು.

ಸುಳ್ಳು ಹೇಳುವುದಿಲ್ಲ, ನನಗೆ ಭಲೇ ಅನ್ನಿಸಿತು. ಒಬ್ಬರ ಮೈಮೇಲೆ ಕೈ ಹಾಕುವ ಹಾಗಿಲ್ಲ, ಒಂದು ಕಲ್ಲು ಎಸೆಯುವ ಹಾಗಿಲ್ಲ. ಅಹಿಂಸೆಯೂ ಆಯಿತು, ಆಚಾರವೂ ಉಳಿಯಿತು! ಖಾದಿ ಟೋಪಿಯೊಳಗಿನ ನನ್ನ ತಲೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು, "ಅಮ್ಮನ ಹಾಸು ಎಲ್ಲಾದಕ್ಕಿಂತ ಮುಂದಿರ್ಲಿ ಮಗಾ. ಅದ ಮುಟ್ಟೋ ಧೈರ್ಯ ಯಾವನ್ಗೂ ಬರಲ್ಲ" ಅಂದಾಗ ಎದೆ ಎರಡಂಗುಲ ಉಬ್ಬಿತು.

ಮನೆಗೆ ಬಂದು ಹೇಳಿದೆ. ಅಜ್ಜಿಯ ರಾಟೆ ನಿಂತಿತು.

"ಹಾಸು ಬೇಲಿ ಏನ್ಲಾ? ಬೇಲಿಗೆ ಯಾರಾನಾ ಗಂಜಿ ಕುಡಿಸ್ತಾರಾ?"

"ಯಜಮಾನ್ರು ಹೇಳವ್ರೆ ಅಜ್ಜಿ."

"ಹತ್ತು ಗಂಟೆ ಬಿಸ್ಲಲ್ಲಿ ಗಂಜಿ ಆಕು ಅಂದ್ನಾ ಗುರಪ್ಪ? ಅವನು ನೇಯೋದ ಬುಟ್ಟು ಎಷ್ಟು ವರ್ಸ ಆಯ್ತು?"

"ಬಿಸ್ಲಾದ್ರೆ ಏನು, ಬೇಗ ಬೇಗ ಉಜ್ಜುಬುಟ್ರೆ ಆಯ್ತು."

"ಯಾರು?" ಅಂದಳು ಅಜ್ಜಿ.

ಮುದುಕಿಗೆ ರಾಜಕೀಯ ಗೊತ್ತಾಗುವುದಿಲ್ಲ ಎಂದುಕೊಂಡು ಗೂಟ ಹುಡುಕಲು ಹೋದೆ.

ಆ ದಿನ ಬಂತು. ಏರ್ಕಾಡು ಬೆಟ್ಟದ ಮೇಲೆ ಒಂದು ಮೋಡದ ಚೂರೂ ಇಲ್ಲ. ಆರು ಹಾಸು ಬಿಚ್ಚಿದೆವು. ನಡುವೆ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನಿಲ್ಲುವಷ್ಟು ಮಾತ್ರ ಸಂದು. ಬೇವಿನ ಮರದ ಕಡೆಗೆ, ಸಾಲಿನ ಮುಂದೆ, ನಮ್ಮ ಕೆಂಪಂಚಿನ ಹಾಸು. ನೋಡಲು ಹೇಗಿತ್ತು ಅಂತೀರಿ! ಬೀದಿಗೆ ಬೀದಿಯೇ ಒಂದು ಸೀರೆ ಉಟ್ಟು ಮಲಗಿದ ಹಾಗೆ. ಭಜನೆಯ ತಾಳ ದೂರದಲ್ಲಿ ಕೇಳಿಸಿತು. ಯಜಮಾನರು ಜಗಲಿಯಿಂದ ಕೈ ಬೀಸಿದರು. ಆರೂ ಹಾಸಿನ ಮೇಲೆ ಒಟ್ಟಿಗೆ ಗಂಜಿ ಬಿತ್ತು.

ಮೆರವಣಿಗೆ ಮರದ ಹತ್ತಿರ ಬಂದು ನಿಂತಿತು. ಮುಂದೆ ವಕೀಲರು, ಹಿಂದೆ ಚೇರಿಯ ಗಂಡಸರು, ಹೆಂಗಸರು, ನಡುವೆ ಮುನಿಯಮ್ಮ, ಒಗೆದ ಸೀರೆಯುಟ್ಟು. ವಕೀಲರು ಹಾಸನ್ನೂ ನೋಡಿದರು, ಯಜಮಾನರ ಮುಖವನ್ನೂ ನೋಡಿದರು. ಅರ್ಥವಾಯಿತು. "ಯಾರೂ ದಾಟಬೇಡಿ. ಇದು ಇವರ ಅನ್ನ" ಎಂದು ತಮಿಳಿನಲ್ಲಿ ಹೇಳಿ, ಅಲ್ಲೇ ಧೂಳಿನಲ್ಲಿ ಕೂತರು. ಎಲ್ಲರೂ ಕೂತರು. ಭಜನೆ ಮುಂದುವರಿಯಿತು. ಯಜಮಾನರು ಗೆದ್ದವರ ಹಾಗೆ ಎಲೆಯಡಿಕೆ ಬಾಯಿಗಿಟ್ಟರು.

ನಾನು ಕುಂಚ ಎತ್ತಿಕೊಂಡು, ವಾಡಿಕೆಯಂತೆ ಕೂಗಿದೆ: "ಬನ್ರಪ್ಪಾ, ಕೈ ಕೊಡ್ರಿ!"

ಪಕ್ಕದ ಹಾಸಿನವನು ನನ್ನನ್ನು ನೋಡಿ, "ನೀನೇ ಬಾರಪ್ಪಾ ಇಲ್ಲಿ!" ಅಂದ. ಅವನ ಹಿಂದಿನವನು ಅವನನ್ನು ಕರೆದ. ಅವನನ್ನು ಇನ್ನೊಬ್ಬ ಕರೆದ. ಆಗ ನಮಗೆ ಹೊಳೆಯಿತು. ಎಲ್ಲರ ಹಾಸೂ ಒಂದೇ ದಿನ ಬೀದಿಯಲ್ಲಿದ್ದರೆ ಯಾರ ಹಾಸನ್ನು ಯಾರು ಉಜ್ಜುವುದು? ಹುಟ್ಟಿದಾಗಿನಿಂದ ಒಬ್ಬರಿಗೊಬ್ಬರು ಕೈ ಕೊಟ್ಟುಕೊಂಡು ಬಂದ ಜನ, ಆ ಕೈಗಳು ಎಲ್ಲಿಂದ ಬರುತ್ತವೆ ಎಂದೇ ಮರೆತಿದ್ದೆವು. ಮಗ್ಗ ಕಾಣದವನು ಮಾಡುವ ತಪ್ಪಲ್ಲ ಅದು, ನೇಕಾರನೇ ಮಾಡಬೇಕು.

ಬಿಸಿಲು ಏರಿತು. ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮಮ್ಮ, ಓಡಿ ಓಡಿ ಉಜ್ಜಿದೆವು. ಈ ತುದಿ ಮುಗಿಸುವಷ್ಟರಲ್ಲಿ ಆ ತುದಿ ಗಡುಸಾಗುತ್ತಿತ್ತು. ಟಪ್ ಎಂದು ಒಂದು ಎಳೆ ಹರಿಯಿತು. ಮತ್ತೊಂದು. ಆಮೇಲೆ ಕೆಂಪಂಚಿನ ಕಡೆ ಒಟ್ಟಿಗೆ ನಾಲ್ಕೈದು. ಹನ್ನೆರಡು ವರ್ಷ ಅಜ್ಜಿ ಕಾದ ಸೀರೆ ನನ್ನ ಕಣ್ಣ ಮುಂದೆ, ನಾನೇ ಹೊಡೆದ ಗೂಟದ ನಡುವೆ, ಸಾಯುತ್ತಿತ್ತು.

ಅಜ್ಜಿ ಜಗಲಿಯಿಂದ ಇಳಿದಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಬೇವಿನ ಮರದ ಕಡೆ ನಡೆದು, ಭಜನೆಯ ನಡುವೆಯೇ ಕೂಗಿದಳು.

"ಲೇ ಮುನಿಯಾ! ಅಲ್ಲಿ ಕೂತ್ಕಂಡು ಏನ್ ನೋಡ್ತಾ ಇದ್ದೀಯೇ? ಎಳೆ ಸಾಯ್ತಾ ಐತೆ, ಎದ್ ಬಾ!"

ತಾಳ ನಿಂತಿತು. ಮುನಿಯಮ್ಮ ಎದ್ದು ನಿಂತಳು. "ಬೀದಿಯೊಳಕ್ಕಾ ಅವ್ವಾ?"

"ಇನ್ನೆಲ್ಲಿಗೆ? ಹಾಸು ಎದ್ದು ನಿನ್ ತಾವ ನಡ್ಕಂಡು ಬರ್ತದಾ?"

ಯಜಮಾನರು ಬಾಯಿಯ ಎಲೆಯಡಿಕೆ ನುಂಗಿಯೇ ಬಿಟ್ಟರು. "ಅತ್ತಿಗೇ! ಏನ್ ಮಾಡ್ತಾ ಇದ್ದೀರ? ಅಮ್ಮನ ಹಾಸು ಅದು!"

"ಅದ್ಕೇ ಕರೀತಾ ಇರೋದು ಗುರಪ್ಪ. ನಿಂದಾಗಿದ್ರೆ ಒಣಿಕ್ಕೊಳ್ಳಿ ಅಂತ ಸುಮ್ಕಿರ್ತಿದ್ದೆ."

ಮುನಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಸಿನ ಪಕ್ಕದ ಸಂದಿನಲ್ಲಿ, ಒಂದು ಎಳೆಗೂ ಕಾಲು ತಗುಲದ ಹಾಗೆ ಒಳಗೆ ಬಂದಳು. ಕೆಂಪಂಚಿನ ಕಡೆ ನಮ್ಮಮ್ಮನ ಕೈಯಿಂದ ಕುಂಚ ತೆಗೆದುಕೊಂಡು ಉಜ್ಜತೊಡಗಿದಳು. ಒತ್ತಡ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹರಿದ ಎಳೆ ಕಂಡಲ್ಲಿ ನಿಂತು, ಎರಡು ತುದಿ ಹಿಡಿದು, ಬೆರಳಿಗೆ ಗಂಜಿ ಮುಟ್ಟಿಸಿ ಹೊಸೆದು, ಮುಂದೆ ಹೋದಳು. ನಮ್ಮಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು:

"ಇದ ಯಾರೇ ಕಲಿಸಿದ್ರು ನಿಂಗೆ?"

"ಇಪ್ಪತ್ತು ವರ್ಸದಿಂದ ಆ ಮರದ ಕೆಳಗೆ ನಿಂತು ನೋಡೀವ್ನಿ ಕಣವ್ವಾ. ನನ್ ಕಣ್ಗೆ ಯಾರೂ ಅಡ್ಡ ಹಾಸು ಆಕಿರ್ನಿಲ್ವಲ್ಲ."

ಅಜ್ಜಿ ಹಿಂತಿರುಗಿ ಮಿಕ್ಕವರನ್ನೂ ಕರೆದಳು. ಮೊದಲು ಇಬ್ಬರು ಬಂದರು, ಆಮೇಲೆ ನಾಲ್ವರು. ವಕೀಲರೂ ಕೋಟು ಬಿಚ್ಚಿ, ಒಂದು ಕುಂಚ ಹಿಡಿದು ಜೋರಾಗಿ ಉಜ್ಜಲು ಹೋದರು. "ಅಯ್ಯಾ ವಕೀಲ್ರೇ, ಅದು ಕುದ್ರೆ ಬೆನ್ನಲ್ಲ! ನೀವು ಅದ ಕೆಳಗಿಡಿ, ಗಂಜಿ ಹೊರಿ ಸಾಕು" ಎಂದು ಅಜ್ಜಿ ಗದರಿದಳು. ವಕೀಲರು ಗಂಜಿ ಹೊತ್ತರು. ಪಕ್ಕದ ಹಾಸಿನವನು ಯಜಮಾನರ ಮುಖ ನೋಡಿದ, ಹಾಸಿನ ಮುಖ ನೋಡಿದ, "ಇಲ್ಲಿಗೂ ಇಬ್ರು ಬನ್ರಪ್ಪಾ" ಅಂದ. ಹಿಂದಿನ ಸಾಲಿನಿಂದಲೂ ಕೂಗು ಬಂತು. ಕೊನೆಗೆ ಯಜಮಾನರ ಸ್ವಂತ ಸೊಸೆ, ಮಾವನ ಕಡೆ ತಿರುಗದೆ, ಗೋಡೆಗೆ ಹೇಳುವ ಹಾಗೆ, "ನಮ್ಮ ಹಾಸೂ ಅಂಟ್ತಾ ಐತೆ, ಯಾರಾನಾ ಬರಬಾರ್ದಾ?" ಅಂದಳು. ಅಲ್ಲಿಗೂ ಜನ ಹೋದರು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಆರು ಹಾಸೂ ಒಣಗಿ, ಬಿಡಿಬಿಡಿಯಾಗಿ, ಸುತ್ತಿ ಒಳಗೆ ಹೋದವು. ಬೀದಿ ಖಾಲಿಯಾಯಿತು. ವಕೀಲರು ಕೋಟು ಹಾಕಿಕೊಂಡು ಮತ್ತೆ ಮೆರವಣಿಗೆ ಕಟ್ಟಲು ನೋಡಿದರು. ಆದರೆ ಅವರ ಜನ ಆಗಲೇ ಎರಡು ತಾಸಿನಿಂದ ನಮ್ಮ ಬೀದಿಯಲ್ಲೇ ಇದ್ದರು, ಕೆಲವರು ನಮ್ಮ ಜಗಲಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದರು. ಗುಡಿಯ ಮುಂದೆ ನಿಂತು ಹಾಡಿದರು. ಪೂಜಾರಿ ಬಾಗಿಲು ಹಾಕಿಕೊಂಡಿದ್ದ. ಹಾಡಿ ಮೈದಾನಕ್ಕೆ ಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಅವತ್ತೇ ಇಳಿಹೊತ್ತಿನಲ್ಲಿ ಗುಡಿಕಟ್ಟೆಯಲ್ಲಿ ಮತ್ತೆ ಕೂಟ ಸೇರಿತು. ಅಮ್ಮನ ಹಾಸು ಮೈಲಿಗೆಯಾಗಿದೆ, ಅದನ್ನು ಸುಟ್ಟು, ಸರದಿಯನ್ನು ಮುಂದಿನ ಮನೆಗೆ ಕೊಟ್ಟು, ಇದ್ದದ್ದರಲ್ಲಿ ಒಂದು ಸಾದಾ ಸೀರೆ ಉಡಿಸುವುದು ಎಂದು ಯಜಮಾನರು ಹೇಳಿದರು. ಹೆಂಗಸರು ಕೂಟಕ್ಕೆ ಬರುವ ಪದ್ಧತಿಯಿಲ್ಲ. ಅಜ್ಜಿ ಬಂದು ಕಟ್ಟೆಯ ಕೆಳಗೆ ನಿಂತಳು.

"ಆಗ್ಲಿ ಗುರಪ್ಪ. ಸುಡಾಣ. ಆರು ಹಾಸೂ ಅವರೇ ಉಜ್ಜಿರೋದು, ಆರನ್ನೂ ಒಂದೇ ಬೆಂಕಿಗೆ ಆಕಾಣ. ನೀನು ಯಜಮಾನ. ಮೊದ್ಲು ನಿಂದು ತತ್ತಾ, ಅದರ ಹಿಂದೇನೇ ನಂದು ತತ್ತೀನಿ."

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಒಮ್ಮೆಲೇ ಅಲುಗಾಡಿದರು.

"ಅದು ಬೇರೆ ಅತ್ತಿಗೆ," ಅಂದರು ಯಜಮಾನರು. "ನಮ್ಮವು ಅಂಗಡಿಗೆ ಓಗೋ ಸೀರೆ."

"ಓ! ಅಂದ್ರೆ ಮುನಿಯಮ್ಮ ಮುಟ್ಟಿದ್ದ ಊರೋರ ಎಂಡ್ರು ಮಕ್ಳು ಉಟ್ಕೋಬೋದು. ಅದೇ ಉಟ್ರೆ ಅಮ್ಮಂಗೆ ಏನೋ ಆಗೋಗ್ತೈತೆ. ಅಷ್ಟು ಅಂಜುಬುರ್ಕೀನೇನ್ಲಾ ನಮ್ಮವ್ವ?"

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದ ಹಾಗೆ ನಟಿಸಿದರು.

"ಹಬ್ಬ ಹಬ್ಬಕ್ಕೂ ಇದೇ ಕಟ್ಟೆ ಮೇಲೆ ನಿಂತ್ಕಂಡು ನೀನೇ ಕಥೆ ಹೇಳ್ತೀಯಲ್ಲ, ನಮ್ಮ ಮೂಲದ ಋಷಿ ಮೂರು ಲೋಕಕ್ಕೂ ಬಟ್ಟೆ ನೇಯ್ದು ಕೊಟ್ಟ ಅಂತ. ನೀನು ಯಾವ ಬೀದಿಯೋನು ಅಂತ ಕೇಳಿ ಕೇಳಿ ಕೊಟ್ನಾ? ಮೂರು ಲೋಕದ ಮಾನ ಮುಚ್ಚಿದ ಕುಲ ಅಂತ ಮೀಸೆ ತಿರುವ್ತೀರ. ಬೆಳಿಗ್ಗೆ ನಿಮ್ಮ ಮಾನ ಮುಚ್ಚಿದ್ದು ಯಾರು?"

ಆಗ ನನಗೆ ಏನಾಯಿತೋ, ಎದ್ದು ನಿಂತೆ. ಪತ್ರಿಕೆ ಓದುವ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ, ಕೀರಲಾಗಿ ಬಂತು: "ನೇಯೋನು ನಾನು. ನೇಯ್ದ್ರೆ ಇದೇ ಹಾಸು ನೇಯ್ತೀನಿ. ಇಲ್ದಿದ್ರೆ ನಮ್ಮ ಮನೆ ಸರದಿ ಇನ್ನು ಯಾವತ್ತೂ ಬೇಡ."

ಯಜಮಾನರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಬೆಂಕಿಗೆ ಬೀಳಬೇಕಾದ ತಮ್ಮ ಹಾಸನ್ನೂ ಮನಸ್ಸಿನಲ್ಲೇ ನೋಡಿರಬೇಕು. "ನೇಯ್ಲಿ ಬಿಡ್ರಪ್ಪಾ," ಅಂದರು ಕೊನೆಗೆ. "ಬೇಡಾಂದ್ರೆ ಅಮ್ಮನೇ ತೋರಿಸ್ಕೊಡ್ತಾಳೆ." ಯಜಮಾನರಾದವರಿಗೆ ಇಳಿಯಲು ಒಂದು ಮೆಟ್ಟಿಲಾದರೂ ಬೇಕಲ್ಲ.

ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: "ಎರಡು ಮಾತು ಆಡೋಕೆ ಬೆಳಿಗ್ಗೆಯಿಂದ ಸಾಯಂಕಾಲ ಆಯ್ತೇನ್ಲಾ ನಿಂಗೆ?" ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಆಮೇಲೆಂದೂ ಕೇಳಲಿಲ್ಲ.

ಆ ಸೀರೆಯನ್ನು ನಾನು ನೇಯ್ದ ಹಾಗೆ ಇನ್ನೊಂದನ್ನು ನೇಯಲಿಲ್ಲ. ಮುನಿಯಮ್ಮ ಕೂಡಿಸಿದ ಎಳೆಗಳು ಒಂದೊಂದಾಗಿ ಹಣಿಗೆಯ ಹತ್ತಿರ ಬರುವಾಗ ಉಸಿರು ಬಿಗಿಹಿಡಿದು ಲಾಳಿ ಎಸೆಯುತ್ತಿದ್ದೆ. ಒಂದೂ ಬಿಚ್ಚಿಕೊಳ್ಳಲಿಲ್ಲ. ಹಬ್ಬದ ದಿನ ಪೂಜಾರಿ ಅದನ್ನು ಅಮ್ಮನಿಗೆ ಉಡಿಸಿದ. ಅಜ್ಜಿ ಒಳಗೆ ಹೋಗಿ ನೋಡಿ ಬಂದಳು, ಕಣ್ಣು ಒರೆಸಿಕೊಂಡಳು, ಧೂಪದ ಹೊಗೆ ಅಂದಳು.

ಗುಡಿಯ ಬಾಗಿಲು ಆ ವರ್ಷ ಚೇರಿಯವರಿಗೆ ತೆರೆಯಲಿಲ್ಲ. ಅದು ತೆರೆಯಲು ಇನ್ನೂ ವರ್ಷಗಳು ಬೇಕಾದವು, ಸರ್ಕಾರದ ಕಾನೂನೂ ಬೇಕಾಯಿತು. ಇದನ್ನು ಮುಚ್ಚಿಟ್ಟು ಬರಿಯ ಹೆಮ್ಮೆ ಹೇಳಿಕೊಂಡರೆ ಅಜ್ಜಿ ಕನಸಿನಲ್ಲಿ ಬಂದು ಬೈದಾಳು. ಆದರೆ ಹಬ್ಬದ ದಿನ ಅಮ್ಮ ಹೊರಗೆ ಬರುತ್ತಾಳೆ. ನಾಲ್ಕು ಜನ ಹೆಗಲ ಮೇಲೆ ಹೊತ್ತು, ನಾವು ಹರೆಯದವರು ಬರಿಮೈಯಲ್ಲಿ, ಕುಲದ ಪದ್ಧತಿಯಂತೆ ಕತ್ತಿಯ ಅಲಗನ್ನು ಎದೆಗೆ ತಾಗಿಸಿಕೊಳ್ಳುತ್ತಾ, ಬಾ ತಾಯಿ ಬಾ ಎಂದು ಹೆಜ್ಜೆ ಹೆಜ್ಜೆಗೂ ಕರೆದುಕೊಂಡು ಬರುತ್ತೇವೆ. ಬೇವಿನ ಮರದ ತನಕ ಬಂದು ತಿರುಗುವುದು ವಾಡಿಕೆ. ಮರದ ಆಚೆ ಚೇರಿಯ ಹೆಂಗಸರು ನಿಂತಿದ್ದರು.

"ಇಲ್ಲಿ ಇಳಿಸ್ರಪ್ಪಾ ಅಮ್ಮನ್ನ, ವಸಿ ದಣಿವಾರಿಸ್ಕೊಳ್ಳಿ," ಅಂದಳು ಅಜ್ಜಿ. ಹೊತ್ತವರು ಯಜಮಾನರ ಕಡೆ ನೋಡಿದರು. ಯಜಮಾನರು ತಮ್ಮ ರುಮಾಲು ಸರಿಮಾಡಿಕೊಳ್ಳುವುದರಲ್ಲಿ ಬಹಳ ಮಗ್ನರಾಗಿದ್ದರು. ಇಳಿಸಿದರು. ಅಜ್ಜಿ ಮುನಿಯಮ್ಮನ ರಟ್ಟೆ ಹಿಡಿದು ಹತ್ತಿರ ಕರೆತಂದಳು. ಆ ನಾಲ್ಕು ಮಾರು ದೂರ ಇಲ್ಲದೆ ಅವರಿಬ್ಬರನ್ನೂ ನಾನು ನೋಡಿದ್ದು ಹಾಸಿನ ದಿನ ಬಿಟ್ಟರೆ ಅವತ್ತೇ.

ಮುನಿಯಮ್ಮ ಮೊದಲು ಕೈ ಮುಗಿಯಲಿಲ್ಲ. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ನೇಕಾರರು ನೋಡುವ ಹಾಗೆ ಸೀರೆಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಈ ಕೆಂಪಂಚು ನಂದು. ಒಂದು ಎಳೇನೂ ಬುಟ್ಟಿಲ್ಲ ನೋಡವ್ವಾ," ಅಂದಳು ಅಜ್ಜಿಗೆ. ಕತ್ತು ಆ ಕಡೆ ಚಾಚಿದಳು. "ಅತ್ಲಾಗೆ ಎರಡು ಕಡೆ ಎಳೆ ಬುಟ್ಟೈತಲ್ಲ! ಅದ ಯಾರು ಉಜ್ಜಿದ್ದು?"

ಅಜ್ಜಿ ಬಾಯಿ ಬಿಡದೆ, ಅಲಗು ಹಿಡಿದು ಶೂರನ ಹಾಗೆ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಅಮ್ಮನಿಗೆ ಕೈ ಮುಗಿದರು.